ಎರಡು ಕಿವಿಗೆ ಎರಡು ಕಂಪನಿ

ಹಳೇಬೀಡಿನಲ್ಲಿ ನನ್ನದೊಂದು ಪುಟ್ಟ ಫ್ಯಾನ್ಸಿ ಸ್ಟೋರ್ ಇದೆ. ಫೋನಿನಲ್ಲಿ ದುಡ್ಡು ಕೊಡುವುದು ಶುರುವಾದ ಹೊಸತರಲ್ಲಿ ವಾಲೆಟ್ ಕಂಪನಿಯವರು ಅಂಗಡಿಗೆ ಮುಗಿಬಿದ್ದ ಪರಿ ನೆನೆದರೆ ಈಗಲೂ ನಗು ಬರುತ್ತದೆ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೂ ಅಷ್ಟು ನಯವಾಗಿ ಮಾತಾಡಿರಲಿಲ್ಲ. ಒಬ್ಬ ಗಾಜಿಗೆ ಸ್ಟಿಕ್ಕರ್ ಅಂಟಿಸಿ ಹೋದರೆ, ಮಧ್ಯಾಹ್ನ ಇನ್ನೊಬ್ಬ ಬಂದು ಅದರ ಮೇಲೇ ತನ್ನದನ್ನು ಅಂಟಿಸುತ್ತಿದ್ದ. ನನಗೋ ಕುಣಿಯುವಷ್ಟು ಖುಷಿ. ಒಂದರಲ್ಲಿ ಕರೆಂಟ್ ಬಿಲ್ಲು, ಇನ್ನೊಂದರಲ್ಲಿ ರೀಚಾರ್ಜು. ಎಲ್ಲಿ ಹೆಚ್ಚು ಕ್ಯಾಶ್‌ಬ್ಯಾಕೋ ಅಲ್ಲಿಗೆ ಹಾರುತ್ತಿದ್ದೆ.

ಒಂದು ಬೆಳಿಗ್ಗೆ ನಾನು ಒಳಗೆ ಸರಕು ಜೋಡಿಸುತ್ತಿದ್ದೆ. ಗಲ್ಲಾದಲ್ಲಿ ನಮ್ಮತ್ತೆ ಕೂತಿದ್ದರು. ಕಂಪನಿಯವನೊಬ್ಬ ಬಂದ.

"ಅಮ್ಮಾ, ನಮ್ಮ ವಾಲೆಟ್ ಹಾಕ್ಕೊಳ್ಳಿ. ಪೂರ್ತಿ ಫ್ರೀ."

ಅತ್ತೆಗೆ ಕೇಳಿಸಿದ್ದು ವಾಲೆ. ನಮ್ಮ ಕಡೆ ಕಿವಿಯೋಲೆಗೆ ಹಾಗೇ ಅನ್ನುವುದು.

"ವಾಲೆನಾ! ಸುಮ್ನೆ ಕೊಡ್ತೀರೇನಪ್ಪಾ? ತೂಕ ಎಷ್ಟೈತೆ?"

ಅವನು ತನ್ನ ಆ್ಯಪಿನ ಗುಣಗಾನ ಶುರುಮಾಡಿದ. "ತೂಕಾನೇ ಇಲ್ಲಮ್ಮ, ಬಲು ಹಗುರ. ಹಾಕ್ಕೊಂಡಿದ್ದೇ ಗೊತ್ತಾಗಲ್ಲ."

ಅಷ್ಟರಲ್ಲಿ ಎದುರಾಳಿ ಕಂಪನಿಯವನೂ ಹಾಜರು. "ಅದು ಬೇಡಮ್ಮ, ನಮ್ದು ಹಾಕ್ಕೊಳ್ಳಿ."

"ಜಗಳ ಯಾಕ್ರಪ್ಪಾ? ಎರಡು ಕಿವಿ ಐತೆ, ಒಂದೊಂದಕ್ಕೆ ಒಬ್ಬೊಬ್ಬರು ಹಾಕಿ. ಭಾನುವಾರ ಅರಸೀಕೆರೆಲಿ ನನ್ನ ತಮ್ಮನ ಮಗಳ ಮದುವೆ. ಅಷ್ಟರೊಳಗೆ ಕೊಟ್ಬಿಡಿ."

ನಾನು ನಕ್ಕೂ ನಕ್ಕೂ ಬಳೆ ಡಬ್ಬಗಳ ಮೇಲೇ ಕುಸಿದೆ. ಆ ಇಬ್ಬರೂ ಜಗಳ ಮರೆತು ನಕ್ಕರು. ವಿಷಯ ಬಿಡಿಸಿ ಹೇಳಿದಾಗ ಅತ್ತೆಯೂ ನಕ್ಕರು. ನಗುತ್ತಲೇ, ಕಿವಿಯ ತೂತು ಮುಚ್ಚದಿರಲೆಂದು ಸಿಕ್ಕಿಸಿಕೊಂಡಿದ್ದ ಬೇವಿನ ಕಡ್ಡಿಯ ಮೇಲೆ ಕೈ ಇಟ್ಟುಕೊಂಡರು.

ನನ್ನ ನಗು ನಿಂತಿತು. ಈ ಅಂಗಡಿ ಇಡುವಾಗ ತಮ್ಮ ಚಿನ್ನದ ವಾಲೆ ಬಿಚ್ಚಿ ನನ್ನ ಕೈಗೆ ಹಾಕಿದವರು ಅವರೇ. ಎಂಟು ವರ್ಷದಿಂದ ಊರ ಹೆಂಗಸರಿಗೆಲ್ಲ ಬಣ್ಣಬಣ್ಣದ ವಾಲೆ ಮಾರಿದ ನನಗೆ ಆ ಕಡ್ಡಿ ಕಂಡೇ ಇರಲಿಲ್ಲ. ತುಂಬ ನಾಚಿಕೆಯಾಯಿತು.

ಅಂಗಡಿಗೆ ಗಾಜಿನ ಬೀರು ತರಬೇಕೆಂದು ಕೂಡಿಟ್ಟಿದ್ದೆ. ಬೀರು ಹಾಳಾಗಿ ಹೋಗಲಿ ಎಂದು ಮರುದಿನವೇ ನಾನೂ ಅತ್ತೆಯೂ ಬೇಲೂರಿನ ಬಸ್ಸು ಹತ್ತಿದೆವು. ಚಿನ್ನದಂಗಡಿಯಲ್ಲಿ ವಾಲೆ ಆರಿಸಿದ ಮೇಲೆ, ಯಾವ ವಾಲೆಟ್ಟಿನಿಂದ ಕೊಟ್ಟರೆ ಲಾಭವೆಂದು ಫೋನಿನಲ್ಲಿದ್ದ ಮೂರನ್ನೂ ತಡಕಾಡಿದ್ದೇ ತಡಕಾಡಿದ್ದು. ಕೊನೆಗೆ ಬಂದ ಕ್ಯಾಶ್‌ಬ್ಯಾಕ್ ಏಳು ರೂಪಾಯಿ.

"ಅಷ್ಟು ಕಿತ್ತಾಡ್ಕೊಂಡು ಏಳು ರೂಪಾಯಾ!" ಎಂದು ಅತ್ತೆ ಅಂಗಡಿಗೆಲ್ಲ ಕೇಳುವಂತೆ ನಕ್ಕರು.

ವಾಪಸ್ ಬರುವಾಗ ಕಿಟಕಿ ಪಕ್ಕ ಕೂತರು. ಗಾಳಿ ಜೋರಾಗಿ ಬೀಸುತ್ತಿತ್ತು.

"ತಲೆ ಮೇಲೆ ಸೆರಗು ಹೊದ್ಕೊಳ್ಳಿ ಅತ್ತೆ, ಶೀತ ಆಗುತ್ತೆ" ಎಂದೆ.

"ಸುಮ್ನಿರೇ. ಹೊದ್ಕೊಂಡ್ರೆ ಯಾರಿಗೆ ಕಾಣುತ್ತೆ?" ಎಂದರು.