ವಿಮಾನಕ್ಕೆ ಸಡ್ಡು ಹೊಡೆದ ಡಬ್ಬಿ ಅಕ್ಕ

ಇನ್ನೂ ಬೆಳಕು ಹರಿದಿಲ್ಲ. ಔಷಧ ತಯಾರಿಸುವ ಕಟ್ಟಡದ ಹಿಂಬಾಗಿಲಲ್ಲಿ ಬಿಳಿ ವ್ಯಾನೊಂದು ರಸ್ತೆಯ ಕಡೆ ಮೂತಿ ಮಾಡಿ ನಿಂತಿದೆ. ಕೈಗವಸು ತೊಟ್ಟ ಹೆಂಗಸೊಬ್ಬರು ಭಾರದ ಸೀಸದ ಡಬ್ಬಿಯನ್ನು ಒಳಗಿಟ್ಟು, ಬೆಲ್ಟು ಬಿಗಿದು, ಅಲ್ಲಾಡಿಸಿ ನೋಡುತ್ತಾರೆ. ಆಸ್ಪತ್ರೆಯವರ ಬಾಯಲ್ಲಿ ಇವರು ಡಬ್ಬಿ ಅಕ್ಕ. ಸ್ವಂತ ಹೆಸರು ಹಿಡಿದು ಕರೆದರೆ ಒಂದು ಗಳಿಗೆ ತಿರುಗಿಯೂ ನೋಡುವುದಿಲ್ಲ.

ಡಬ್ಬಿಯಲ್ಲಿರುವುದು ಕ್ಯಾನ್ಸರ್ ಪತ್ತೆಹಚ್ಚುವ ಸ್ಕ್ಯಾನಿಗೆ ಬೇಕಾದ, ವಿಕಿರಣ ಸೂಸುವ ಔಷಧ. ಎರಡು ಗಂಟೆ ಕಳೆಯುವಷ್ಟರಲ್ಲಿ ಅದರ ಕಸುವು ಅರ್ಧಕ್ಕಿಳಿಯುತ್ತದೆ. ತಯಾರಾಗುವುದು ಈ ಊರಿನಲ್ಲಿ, ಕಾಯುವವರು ಬೆಟ್ಟದಾಚೆಯ ಊರಿನಲ್ಲಿ. ಹಕ್ಕಿ ಹಾರಿದರೆ ನೂರಿಪ್ಪತ್ತು ಕಿಲೋಮೀಟರ್. ರಸ್ತೆ ಹಿಡಿದರೆ ನೂರತೊಂಬತ್ತು.

ಮೊದಲು ಶಾಲಾ ವ್ಯಾನ್ ಓಡಿಸುತ್ತಿದ್ದ ಅಕ್ಕ ಈ ದಾರಿಗೆ ಬಿದ್ದು ಆರು ವರ್ಷ. ಸ್ಕ್ಯಾನಿನ ರೋಗಿಗಳು ರಾತ್ರಿಯಿಂದ ಉಪವಾಸವಿರಬೇಕು. ಹಾಗಾಗಿ ಡಬ್ಬಿ ತಲುಪಿಸುವ ತನಕ ಅಕ್ಕನೂ ತುತ್ತು ಮುಟ್ಟುವುದಿಲ್ಲ. "ಅವರು ಹಸ್ಕೊಂಡು ಕೂತಿರ್ತಾರೆ, ನಾನು ತಿಂದು ತೇಗ್ತಾ ಹೋಗೋದಾ?" ಎನ್ನುತ್ತಾರೆ. ಇದಕ್ಕೆ ಅತ್ತೆಯ ಬೈಗುಳ ತಪ್ಪಿದ್ದಲ್ಲ. "ನನ್ನ ಮಗನಿಗಿಂತ ಆ ಡಬ್ಬಿ ಮೇಲೇ ಇವಳಿಗೆ ಅಕ್ಕರೆ" ಎಂದು ಗೊಣಗುತ್ತಲೇ ಬುತ್ತಿ ಕಟ್ಟುವವರೂ ಅವರೇ. ಹೊಲಿಗೆ ಯಂತ್ರದ ಮುಂದೆ ಕುಳಿತ ಗಂಡ ಇಬ್ಬರ ನಡುವೆ ಬಾಯಿ ಹಾಕುವುದಿಲ್ಲ, ಜಾಣ.

ಕಳೆದ ತಿಂಗಳು ಎರಡು ಊರುಗಳ ನಡುವೆ ವಿಮಾನ ಶುರುವಾಯಿತು. ಅರ್ಧ ಗಂಟೆಯ ಹಾರಾಟ! ಆಸ್ಪತ್ರೆಯ ಮೇಲ್ವಿಚಾರಕಿ ನೇರವಾಗಿಯೇ ಹೇಳಿದರು: "ಅಕ್ಕ, ಒಂದಿನ ಎರಡರಲ್ಲೂ ಕಳಿಸಿ ನೋಡೋಣ. ಯಾವುದು ಬೇಗ ಬರುತ್ತೋ ಅದನ್ನೇ ಇಟ್ಕೋಬೇಕಾಗುತ್ತೆ. ರೋಗಿಗಳಿಗೆ ಒಳ್ಳೇದಾಗ್ಬೇಕಲ್ವಾ?" ಅಕ್ಕ ಹೂಂ ಎಂದರು. ಅಂದು ರಾತ್ರಿ ನಿದ್ದೆ ಹತ್ತಲಿಲ್ಲ.

ಎರಡು ಡಬ್ಬಿಗಳೂ ಒಂದೇ ಹೊತ್ತಿಗೆ ಹೊರಬಿದ್ದವು. ಬೆಟ್ಟದ ತಿರುವುಗಳಲ್ಲಿ ಅಕ್ಕ ಇನ್ನೂ ಹತ್ತುತ್ತಿದ್ದಾಗ ವಿಮಾನ ತಲೆಯ ಮೇಲೆಯೇ ಗುಡುಗಿಕೊಂಡು ಹೋಯಿತು. "ಎದೆ ಧಸಕ್ಕಂತು, ಸುಳ್ಳು ಯಾಕೆ ಹೇಳ್ಲಿ? ಕಾಲು ತಾನಾಗೇ ಆಕ್ಸಿಲರೇಟರ್ ಒತ್ತೋಕೆ ಹೋಯ್ತು, ತಡೆದೆ. ಗಾಬರಿಯಲ್ಲಿ ಒತ್ತಿದ್ರೆ ಮುಂದಿನ ತಿರುವಲ್ಲಿ ಬ್ರೇಕ್ ಹಾಕ್ಬೇಕು. ಅಲ್ಲಿಗೆ ಗಳಿಸಿದ್ದೆಲ್ಲ ಹೋಯ್ತು." ದಿನದ ಹದ ತಪ್ಪಿಸದೆ ಓಡಿಸಿದರು. ಇಳಿಜಾರು ಮುಗಿಸಿ, ಸಂತೆಬೀದಿ ತುಂಬುವ ಮೊದಲೇ ದಾಟಿ, ಆಸ್ಪತ್ರೆಯ ಹಿಂಬಾಗಿಲಿಗೆ ವ್ಯಾನ್ ಒತ್ತಿ ನಿಲ್ಲಿಸಿದರು.

"ವಿಮಾನದ್ದು ಬಂತಾ?" ಎಂಬುದೇ ಮೊದಲ ಮಾತು.

"ಎಲ್ಲಿ ಬಂತಕ್ಕ," ಎಂದ ಸ್ಕ್ಯಾನ್ ಕೋಣೆಯ ತಂತ್ರಜ್ಞ, ಡಬ್ಬಿ ಇಸಿದುಕೊಳ್ಳುತ್ತಾ.

ಆಕಾಶದಲ್ಲಿ ತಿರುವಿಲ್ಲ ನಿಜ, ಆದರೆ ನೆಲದಲ್ಲಿ ಸರತಿ ಸಾಲಿದೆ. ವಿಮಾನದ ಡಬ್ಬಿ ಅಲ್ಲಿ ತೂಕವಾಗಿ, ತಪಾಸಣೆಯಾಗಿ, ಇಲ್ಲಿಳಿದ ಮೇಲೆ ಮತ್ತೆ ತಪಾಸಣೆಯಾಗಿ, ಊರಾಚೆಯ ನಿಲ್ದಾಣದಿಂದ ದಟ್ಟಣೆಯಲ್ಲಿ ತೆವಳಿ ಬರುವಷ್ಟರಲ್ಲಿ ಇತ್ತ ಇಬ್ಬರ ಸ್ಕ್ಯಾನ್ ಮುಗಿದಿತ್ತು. ಅವರಲ್ಲೊಬ್ಬ ಅಜ್ಜಿ ಹೊರಗೆ ಬಂದವರೇ ಏನಾದರೂ ತಿನ್ನಲು ಕೇಳಿದರು. ಅಕ್ಕ ಬುತ್ತಿ ಬಿಚ್ಚಿ ಅರ್ಧ ಕೊಟ್ಟರು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಉಂಡರು. ಮೇಲ್ವಿಚಾರಕಿ ಬಂದು, "ನಾಳೆಯಿಂದ ನೀವೇ ಅಕ್ಕ, ಇನ್ನು ಆ ಮಾತೇ ಇಲ್ಲ" ಎಂದಾಗ ಅಕ್ಕನ ಬಾಯ್ತುಂಬ ತುತ್ತಿತ್ತು. ತಲೆಯಾಡಿಸಿದರು, ಕಣ್ಣೊರೆಸಿಕೊಂಡರು.

ವಿಮಾನದ ಮೇಲೆ ಸಿಟ್ಟಿದೆಯೇ ಎಂದರೆ ನಗುತ್ತಾರೆ.

"ಸಿಟ್ಟು ಯಾಕೆ? ಒಂದ್ಸಲ ಅದರಲ್ಲಿ ಕೂರ್ಬೇಕು ಅಂತಾನೇ ಆಸೆ. ಕಿಟಕಿ ಪಕ್ಕದ ಸೀಟೇ ಆಗ್ಬೇಕು. ಮೇಲಿಂದ ನನ್ನ ರಸ್ತೆ ಹೇಗೆ ಕಾಣುತ್ತೆ ಅಂತ ನೋಡ್ಬೇಕು."