ಗಾಲಿ ನೆಲ ಮುಟ್ಟಿದ ಮೇಲೆ: ಕಲ್ಯಾಣಪ್ಪನವರ ಮೂವತ್ತಮೂರು ವರ್ಷ

ಕಾಡುದಾರಿಯ ಚಿಕಿತ್ಸಾಲಯಗಳ ಚರಿತ್ರೆಯನ್ನು ಬರೆಯುವವರು ವೈದ್ಯರನ್ನೂ ದಾದಿಯರನ್ನೂ ಯೋಗ್ಯವಾಗಿಯೇ ಸ್ಮರಿಸುತ್ತಾರೆ. ಅವರನ್ನು ಅಲ್ಲಿಗೆ ತಲುಪಿಸಿದ ವಾಹನಗಳ ಅಡಿಯಲ್ಲಿ ಮಲಗಿ ದುಡಿದವರ ಹೆಸರು ಸಾಮಾನ್ಯವಾಗಿ ಸಿಗುವುದಿಲ್ಲ. ಹೈದರಾಬಾದಿನ ನಮ್ಮ ಸಂಚಾರಿ ಆರೋಗ್ಯ ಸಂಸ್ಥೆಯ ಮಟ್ಟಿಗೆ ಆ ಹೆಸರು ಶ್ರೀ ಕಲ್ಯಾಣಪ್ಪನವರದು. ಸೇಡಂ ಕಡೆಯಿಂದ ಬಂದು, ಸನತ್‌ನಗರದ ಸಣ್ಣ ಕಾರ್ಖಾನೆಯೊಂದರಲ್ಲಿ ಫಿಟ್ಟರಾಗಿದ್ದು, ೧೯೭೯ರಲ್ಲಿ ಸಂಸ್ಥೆಯ ವರ್ಕ್‌ಶಾಪ್ ಸೇರಿದ ಅವರು ಈಗ, ೨೦೧೨ರಲ್ಲಿ, ಹಿರಿಯ ಫೋರ್‌ಮನ್ ಆಗಿ ನಿವೃತ್ತರಾಗುತ್ತಿದ್ದಾರೆ.

೧೯೯೮ರಲ್ಲಿ ನಾನು ಇಂಜಿನಿಯರಿಂಗ್ ಪದವಿ ಹಿಡಿದು ಅವರ ಮೇಲಧಿಕಾರಿಯಾಗಿ ಬಂದೆ. ವಯಸ್ಸಿನಲ್ಲಿ ಮಗನಂತಿದ್ದ ನನ್ನನ್ನು ಅವರು ಒಂದು ದಿನವೂ ಏಕವಚನದಲ್ಲಿ ಕರೆಯಲಿಲ್ಲ. ಅವರ ಪತ್ನಿ ಉಮಾಬಾಯಿಯವರು ತಾರ್ನಾಕದ ಮನೆಯಿಂದ ಕಟ್ಟಿಕೊಡುತ್ತಿದ್ದ ಬುತ್ತಿಯಲ್ಲಿ ಎರಡು ಜೋಳದ ರೊಟ್ಟಿ ನನ್ನ ಪಾಲಿಗೆಂದೇ ಇರುತ್ತಿದ್ದವು.

೨೦೦೧ರ ಜೂನ್ ತಿಂಗಳ ಒಂದು ಸಂಗತಿಯನ್ನು ಇಲ್ಲಿ ದಾಖಲಿಸುವುದು ನನ್ನ ಕರ್ತವ್ಯ. ಆದಿಲಾಬಾದಿನ ಗುಡ್ಡಗಳಲ್ಲಿ ನಮ್ಮ ವಾಹನದ ತಳ ಬಂಡೆಗೆ ತಾಗುತ್ತಿದ್ದುದರಿಂದ, ಉದ್ದನೆಯ ಸ್ಪ್ರಿಂಗ್ ಹಾಕಿ ಅದನ್ನು ಮೂರು ಇಂಚು ಎತ್ತರಿಸುವುದೆಂದು ತೀರ್ಮಾನವಾಯಿತು. ಹಾಗೆ ಎತ್ತರಿಸಿದಾಗ, ಗಾಲಿಗಳ ಆಕ್ಸಲನ್ನು ವಾಹನದ ಚೌಕಟ್ಟಿಗೆ ಹಿಡಿದಿಡುವ ಕಂಟ್ರೋಲ್ ಆರ್ಮ್‌ಗಳು ಕೆಳಕ್ಕೆ ವಾಲಿ ಆಕ್ಸಲನ್ನು ಹಿಂದಕ್ಕೆಳೆಯುತ್ತವೆ. ಆದಕಾರಣ ಉದ್ದವನ್ನು ಹೊಂದಿಸಬಹುದಾದ ಹೊಸ ಆರ್ಮ್‌ಗಳನ್ನು ತರಿಸಿದ್ದೆವು. ಅವುಗಳ ತುದಿಯ ರಬ್ಬರ್ ಬುಶ್‌ಗಳ ಬೋಲ್ಟನ್ನು ವಾಹನದ ಭಾರ ಗಾಲಿಯ ಮೇಲೆ ಬಿದ್ದಾಗಲೇ ಬಿಗಿಯಬೇಕು. ಗಾಲಿ ತೂಗುತ್ತಿರುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು, ಕಲ್ಲುದಾರಿಯಲ್ಲಿ ಹರಿದುಹೋಗುತ್ತದೆ. ಇದು ನನಗೆ ಗೊತ್ತಿತ್ತು. ಮರುದಿನ ಬೆಳಿಗ್ಗೆ ವಾಹನ ಹೊರಡಬೇಕಿದ್ದ ಅವಸರದಲ್ಲಿ, ಜ್ಯಾಕಿನ ಮೇಲಿದ್ದಾಗಲೇ ಬಿಗಿದುಬಿಟ್ಟೆ.

ಅಂದು ರಜೆಯಲ್ಲಿದ್ದ ಕಲ್ಯಾಣಪ್ಪನವರು ಮರುದಿನ ಬೆಳಿಗ್ಗೆ ಬಂದು ಕೇಳಿದರು: "ಗಾಲಿ ನೆಲಕ್ಕಿಳಿಸಿದ ಮ್ಯಾಲೆ ಬಿಗಿದ್ರೇನ್ರಿ, ಗುರುರಾಜರ?"

"ಹೂನ್ರಿ, ಇಳಿಸಿದ ಮ್ಯಾಲೇ" ಎಂದೆ.

ಅವರು ವಾಹನದ ಕೆಳಗೆ ತೂರಿ ನೋಡಿ, ಎದ್ದು ಕೈ ಒರೆಸಿಕೊಂಡರು. ರಿಜಿಸ್ಟರಿನಲ್ಲಿ 'ವಾಹನ ಸಿದ್ಧವಿಲ್ಲ' ಎಂದು ಬರೆದು ತಮ್ಮ ಸಹಿ ಹಾಕಿದರು. ಔಷಧಿಗಳೊಂದಿಗೆ ಕಾದು ನಿಂತಿದ್ದ ದಾದಿ ಶಿವದೇವಿಯವರ ಎದುರಿಗೇ ವ್ಯವಸ್ಥಾಪಕರು ಕಲ್ಯಾಣಪ್ಪನವರನ್ನು ಹಿಂದಿಯಲ್ಲಿ ಗದರಿಸಿದರು. ತಮ್ಮ ಕೆಲಸ ಸ್ವಲ್ಪ ಉಳಿದಿದೆ ಎಂದಷ್ಟೇ ಹೇಳಿ ಅವರು ತಲೆ ತಗ್ಗಿಸಿ ನಿಂತರು. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ, ಬಾಯಿ ಬಿಡಲಿಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ನನ್ನ ಪಾಲಿನ ರೊಟ್ಟಿಯನ್ನು ಎಂದಿನಂತೆ ಮುಂದಿಟ್ಟರು. ತಿನ್ನಲಾಗದೆ ನಿಜ ಹೇಳಿದೆ.

"ಬುಶ್ ನೋಡಿದ ಕೂಡ್ಲೇ ತಿಳೀತ್ರಿ" ಎಂದರು. "ಗಾಡಿ ಒಂದಿನ ತಡಾ ಆದ್ರ ನಡೀತೈತಿ. ನೀವು ಹೇಳೂ ತನಕಾ ಕಾಯೂದಿತ್ತು, ಕಾದೆ. ಉಣ್ರಿ, ಆಮ್ಯಾಲೆ ಮಾಡೂಣು."

ಊಟದ ನಂತರ ವಾಹನವನ್ನು ನೆಲಕ್ಕಿಳಿಸಿ ಇಬ್ಬರೂ ಬೋಲ್ಟುಗಳನ್ನು ಸಡಿಲಿಸಿದೆವು. ಅಳೆದು ನೋಡಿದಾಗ ಬಲಗಡೆಯ ಆರ್ಮ್ ಎಡಗಡೆಯದಕ್ಕಿಂತ ತಿರುಪಿನ ಎರಡು ಸುತ್ತಿನಷ್ಟು ಉದ್ದವಿತ್ತು; ಆಕ್ಸಲ್ ಓರೆಯಾಗಿ ಕೂತಿತ್ತು. ಅದನ್ನೂ ಸರಿಪಡಿಸಿದೆವು. ಸಂಜೆ ವ್ಯವಸ್ಥಾಪಕರ ಬಳಿಗೆ ನಾನೇ ಹೋಗಿ ತಪ್ಪು ಯಾರದೆಂಬುದನ್ನು ತಿಳಿಸಿದೆ. ಮರುದಿನ ಹೊರಟ ವಾಹನ, ಹಿಂದೆಲ್ಲ ಔಷಧಿಯನ್ನು ತಲೆಯ ಮೇಲೆ ಹೊರಿಸಬೇಕಿದ್ದ ಹಳ್ಳವನ್ನು ದಾಟಿತು. ಹಿಂದಿರುಗುವಾಗ, ಹೆರಿಗೆ ತೊಡಕಾಗಿದ್ದ ಹೆಣ್ಣುಮಗಳೊಬ್ಬಳನ್ನು ಶಿವದೇವಿಯವರು ಅದರಲ್ಲೇ ಮಲಗಿಸಿಕೊಂಡು ಆಸ್ಪತ್ರೆ ಸೇರಿಸಿದರು. ತಾಯಿಯೂ ಕೂಸೂ ಉಳಿದರು. ವಾಹನ ಹಿಂದಿನ ದಿನವೇ, ನಾನು ಬಿಗಿದಂತೆಯೇ ಹೊರಟಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸಲು ನನಗೆ ಇಂದಿಗೂ ಮನಸ್ಸಾಗುವುದಿಲ್ಲ.

ನಿವೃತ್ತಿಯ ನಂತರ ಕಲ್ಯಾಣಪ್ಪನವರು ಉಮಾಬಾಯಿಯವರೊಂದಿಗೆ ಆದಿಲಾಬಾದ್ ಗುಡ್ಡಗಳ ನಡುವಿನ ಉಟ್ನೂರಿಗೆ ತೆರಳಿ, ಅಲ್ಲಿಯ ವಾಹನಗಳಿಗಾಗಿ ಪುಟ್ಟ ವರ್ಕ್‌ಶಾಪ್ ನಡೆಸಲಿದ್ದಾರೆ. ಈ ವಯಸ್ಸಿನಲ್ಲಿ ಅಷ್ಟು ದೂರವೇಕೆಂದು ಕೇಳಿದೆ. "ಅಲ್ಲಿ ಡ್ರೈವರ್ ಮಂದಿ ಗಾಡಿ ಕೆಟ್ಟದ್ದು ಹೇಳಾಕ ಅಂಜತಾರ್ರಿ" ಎಂದರು. "ನನ್ನ ಮುಂದ ಹೇಳತಾರ." ಆ ಮಾತುಗಳನ್ನು ಕೇಳಿಸಿಕೊಳ್ಳಲು ಅವರಿಗೆ ನೂರು ವರ್ಷದ ಆಯುಷ್ಯವೂ ಆರೋಗ್ಯವೂ ದೊರೆಯಲಿ.