ಭೂಪಾಲ ಕಾಕಾನ ತೋಪು, ಆಯಿಯ ಬೆಲ್ಲ

ಇಚಲಕರಂಜಿಯ ನಮ್ಮ ಓಣಿಯಲ್ಲಿ ಬೆಳಗಾದರೆ ಮಗ್ಗಗಳಿಗೆ ಗ್ರೀಸು ಹಚ್ಚುತ್ತಾರೆ. ಆ ವಾಸನೆ ಅಡುಗೆಮನೆಗೆ ಬಂದರೆ ಉಳಿದವರಿಗೆ ಕಿರಿಕಿರಿ. ನನಗೆ ಮಾತ್ರ ಗಡಹಿಂಗ್ಲಜದ ತವರುಮನೆಯ ಪಡಸಾಲೆ ನೆನಪಾಗುತ್ತದೆ. ಅಲ್ಲಿ ಗೂಟಕ್ಕೆ ತೂಗಿದ್ದ ಭೂಪಾಲ ಕಾಕಾನ ಖಾಕಿ ಕೋಟು ಎಷ್ಟು ಸಲ ಒಗೆದರೂ ಇದೇ ವಾಸನೆ ಬೀರುತ್ತಿತ್ತು. ಮುಂಬಯಿಯ ಸಮುದ್ರದಂಡೆಯ ತೋಪಿಗೆ, ಅಂದರೆ ದೊಡ್ಡ ಫಿರಂಗಿಗೆ, ಹಚ್ಚುತ್ತಿದ್ದ ಗ್ರೀಸು ಅದು.

ಕಾಕಾ ಅಪ್ಪನ ತಮ್ಮ. ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಒಂದು ದಿನ ಕೊಲ್ಹಾಪುರಕ್ಕೆ ಹೋದವನು ಫೌಜಿಗೆ ಹೆಸರು ಹಚ್ಚಿಯೇ ಬಂದ. ನಮ್ಮದು ನೀರನ್ನೂ ಅರಿವೆಯಲ್ಲಿ ಸೋಸಿ ಕುಡಿಯುವ, ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರ ಮನೆ. ಅವನನ್ನು ಹೆತ್ತ ನಮ್ಮ ಆಯಿ ಅಳಲಿಲ್ಲ, ಬೈಯಲಿಲ್ಲ. ಬಸದಿಗೆ ಹೋಗಿ ಸ್ವಾಮಿಯ ಮುಂದೆ ನಿಂತು, “ನನ್ನ ಮಗಾ ಒಂದು ಜೀವಾನೂ ತಗೀದ ಹೊಳ್ಳಿ ಬರೂತನಕ ನಾ ಬೆಲ್ಲಾ ತಿನ್ನೂದಿಲ್ಲ” ಎಂದು ನೇಮ ಹಿಡಿದು ಬಂದಳು. ಹೊಲದಲ್ಲಿ ನಮ್ಮದೇ ಕಬ್ಬಿನ ಗಾಣವಿತ್ತು; ಹಂಗಾಮಿನಲ್ಲಿ ಮನೆಯ ಮೂಲೆಮೂಲೆಗೂ ಬೆಲ್ಲದ ಪೆಂಟೆಗಳು. ಹಬ್ಬಕ್ಕೆ ಆಯಿಯೇ ಹೂರಣ ರುಬ್ಬಿ ಹೋಳಿಗೆ ಬೇಯಿಸಿ ನಮಗೆಲ್ಲ ತುಪ್ಪ ಹಾಕಿ ಬಡಿಸುವಳು, ತಾನು ರೊಟ್ಟಿಗೆ ಖಾರದ ಶೇಂಗಾ ಹಿಂಡಿ ಹಚ್ಚಿಕೊಳ್ಳುವಳು. ಆರು ವರ್ಷ ಹೀಗೇ ನಡೆಯಿತು.

ಮೊದಲು ಆ ತೋಪುಗಳ ಹತ್ತಿರ ಬರೀ ಇಂಗ್ಲಿಷರಿದ್ದರಂತೆ. ಯುದ್ಧ ಹತ್ತಿದ ಮೇಲೆ ಅವರಲ್ಲಿ ಬಹಳ ಜನರನ್ನು ಬೇರೆ ಕಡೆ ಕಳಿಸಿ ನಮ್ಮವರಿಗೆ ಆ ಕೆಲಸ ಕಲಿಸಿದರು. ತೋಪಿನ ನಳಿಗೆ ನಮ್ಮ ಚಕ್ಕಡಿಗಿಂತ ಉದ್ದ. ಸಿಮೆಂಟಿನ ಕಟ್ಟೆಯ ಮೇಲೆ ಒಮ್ಮೆ ಕೂರಿಸಿದರೆ ಮುಗಿಯಿತು, ಅದು ಎಲ್ಲಿಗೂ ಹೋಗುವಂತಿಲ್ಲ. ಹಡಗೇ ಅದರ ಎದುರಿಗೆ ಬರಬೇಕು. ಒಬ್ಬ ದುರ್ಬೀನಿನಲ್ಲಿ ದೂರ ಅಳೆಯುವವ, ಒಬ್ಬ ಗುಂಡು ಹೊರುವವ, ಒಬ್ಬ ಮದ್ದು ತುಂಬುವವ. ಕಾಕಾ ಗುಂಡು ಹೊರುವವನು. ಅವನ ಕಾರ್ಡು ಬಂದಾಗ ಅಪ್ಪ ಓದುವನು: “ವೈರಿ ಹಡಗ ಇನ್ನೂ ಬಂದಿಲ್ಲ. ನಾ ಆರಾಮ ಅದೇನಿ.” ‘ಬಂದಿಲ್ಲ’ ಎಂಬುದನ್ನು ಆಯಿ ಎರಡೆರಡು ಸಲ ಓದಿಸುವಳು.

ಯುದ್ಧ ಮುಗಿದು ಕಾಕಾ ಕೊಲ್ಹಾಪುರದಿಂದ ಸರ್ವಿಸ್ ಮೋಟಾರಿನಲ್ಲಿ ಬಂದಿಳಿದ. ಕಿವಿ ಮಂದವಾಗಿತ್ತು, ಅವನು ಮಾತಾಡಿದರೆ ಓಣಿಗೆಲ್ಲ ಕೇಳಿಸುತ್ತಿತ್ತು. ಆಯಿ ಅವನ ಕಾಲಿಗೆ ನೀರು ಹಾಕಿ, ರೊಟ್ಟಿಯ ತುಣುಕು ನಿವಾಳಿಸಿ ಒಗೆದಳು. ನನ್ನ ಅವ್ವ ಹಿತ್ತಾಳೆ ತಾಟಿನಲ್ಲಿ ಬೆಲ್ಲ ತಂದಳು. ನೇಮ ಬಿಡಿಸಲು ಮಗನೇ ಉಣಿಸಬೇಕು. ಕಾಕಾ ಒಂದು ಹರಳು ಹಿಡಿದು ಆಯಿಯ ಬಾಯಿಯ ಹತ್ತಿರ ಒಯ್ದ.

“ನಿಂದರು. ಯಾರನ್ನೂ ಕೊಂದಿಲ್ಲ, ಹೌದಿಲ್ಲೋ ಭೂಪಾ?” ಆಯಿ ಅವನ ಕಿವಿಯ ಹತ್ತಿರ ಕೇಳಿದಳು.

“ವೈರಿ ಬಂದ್ರ ಅಲ್ಲೇನ ಬೇ ಕೊಲ್ಲೂದು! ಗಾಡಿ ಬರಲಾರದ ಠೇಸನದಾಗ ಕುಂತಂಗ ಕುಂತಿದ್ವಿ.”

ಎಲ್ಲರೂ ನಕ್ಕರು. ಆಯಿ ನಗಲಿಲ್ಲ. “ಮತ್ತ ಕಿವಿ ಹೆಂಗ ಹೋದ್ವು?”

“ಕಲಿಯಾಕ ಹೊಡೀತಿದ್ವಿ. ದೋಣಿಗಿ ಅರಿವಿ ನಿಶಾನಿ ಕಟ್ಟಿ ಎಳೀತಿದ್ರು. ಗುಂಡು ಸಮುದ್ರದಾಗ ಬೀಳೂದು.”

“ಸಮುದ್ರದಾಗ ಮೀನ ಇರ್ತಾವಲ್ಲೋ?”

ಕಾಕಾನ ಕೈ ಅಲ್ಲಿಯೇ ನಿಂತಿತು. ಅಪ್ಪ ಸಿಟ್ಟಾದ: “ಯವ್ವಾ, ಫೌಜಿನ್ಯಾಗ ಮೀನ ನೋಡ್ಕೋತ ಕುಂದ್ರತಾರೇನ? ತಿನ್ನ ಸುಮ್ನ.” ಮೀನು ಸಾಯಲಿಲ್ಲ ಎಂದು ಕಾಕಾ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ನಾವೆಲ್ಲ ಅದಕ್ಕೇ ಕಾಯುತ್ತಿದ್ದೆವು.

“ತೇಲಿ ಬರ್ತಿದ್ವು ಬೇ,” ಎಂದ ಕಾಕಾ, ಓಣಿಗೆಲ್ಲ ಕೇಳುವಂತೆ. “ಬೆಳ್ಳಗ. ಹೊಟ್ಟಿ ಮ್ಯಾಲ ಮಾಡಿ.”

ಆಯಿ ಅವನ ಕೈ ಹಿಡಿದು ಮೆಲ್ಲಗೆ ಕೆಳಗಿಳಿಸಿದಳು. “ತಿನ್ನಿಸಿದ ಮ್ಯಾಲ ಹೇಳಿದ್ರ ನಿನ್ನ ಮಾರಿ ನೋಡ್ತಿರಲಿಲ್ಲ. ನಡಿ, ಹೊತ್ತು ಮುಣುಗೂದ್ರಾಗ ಉಂಡ ಬಿಡು.”

ಆಮೇಲೆ ಪ್ರತಿ ಹಂಗಾಮಿಗೂ ಕಾಕಾ ಮೊದಲ ಬೆಲ್ಲ ತಂದು, “ಈ ವರ್ಷರ ತಿಂತೀ ಏನ ಬೇ?” ಎನ್ನುವನು. “ಮೀನ ಎದ್ದ ಕುಂತಾವೇನೋ?” ಎಂದು ಆಯಿ ನಗುವಳು. ತಾಯಿ ಮಗನ ನಡುವೆ ಅದೊಂದು ಚೇಷ್ಟೆಯೇ ಆಗಿಹೋಯಿತು. ಆದರೂ ಕೇಳುವಾಗ ಕಾಕಾನ ಮುಖದಲ್ಲಿ ಒಂದು ಆಸೆ ಇರುತ್ತಿತ್ತು. ನಾಲ್ಕು ಹಂಗಾಮು ಕೇಳಿದ. ಐದನೆಯದಕ್ಕೆ ಆಯಿ ಇರಲಿಲ್ಲ.

ಈಗ ಆ ಗಾಣವಿಲ್ಲ, ಕಬ್ಬು ಕಾರಖಾನೆಗೆ ಹೋಗುತ್ತದೆ. ದಂಡೆಯ ತೋಪುಗಳನ್ನೂ ಮುಂದೆ ನೌಕಾದಳಕ್ಕೆ ಒಪ್ಪಿಸಿದರಂತೆ. ನಿಮ್ಮ ಮನೆಗಳಲ್ಲಿಯೂ ಹೀಗೆ ಎಷ್ಟೋ ಸದ್ದಿಲ್ಲದೆ ಹೋಗಿರುತ್ತವೆ. ಆಯಿ ತೀರಿದ ವರ್ಷ ಗಾಣದ ಕೊಪ್ಪರಿಗೆಯ ಮುಂದೆ ಕಾಕಾನೇ ನಿಂತಿದ್ದ. ಕುದಿಯುವ ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಿನಿಂದ ಹಿಚುಕಿ ಹದ ನೋಡಿದ. ಮೊದಲಾದರೆ ಅದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದ, ಆ ವರ್ಷ ಹಾಕಿಕೊಳ್ಳಲಿಲ್ಲ. ನನ್ನನ್ನು ಕರೆದು ಅಂಗೈಯಲ್ಲಿಟ್ಟು, “ಪದ್ಮಾ, ನೀ ತಿಂದ ಹೇಳವಾ, ಹೆಂಗ ಆಗೇತಿ?” ಎಂದ.

ಭಾಳ ಚಲೋ ಆಗೇತಿ ಎಂದು ನಾನು ಅವನ ಕಿವಿಯಲ್ಲಿ ಕೂಗಿದೆ.